ಡಿಪ್ಲೊಮಾ ಅಂದ್ರೆ ಎಷ್ಟು ವರ್ಷ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸೆಮಿನಾರ್ ಹಾಲ್‌ನಲ್ಲಿ ಜರ್ಮನಿಯಲ್ಲಿ ಓದೋದರ ಬಗ್ಗೆ ಒಂದು ಕಾರ್ಯಕ್ರಮ ಇತ್ತು. ಅಟೆಂಡೆನ್ಸ್ ಕೊಡ್ತಾರೆ ಅಂತ ಸುದ್ದಿ ಹಬ್ಬಿದ್ದರಿಂದ ಹಾಲ್ ತುಂಬಿತ್ತು. ಬಂದಿದ್ದ ಕನ್ಸಲ್ಟೆಂಟ್ ಒಂದು ಸ್ಲೈಡ್ ಹಾಕಿದ್ರು. ಬಿ.ಎಸ್ಸಿ., ಬಿ.ಎಂಗ್., ಎಂ.ಎಸ್ಸಿ., ಡಿಪ್ಲೋಮ್, ಡಾಕ್ಟರ್ ಅಂತ ಅಲ್ಲಿನ ಪದವಿಗಳ ಪಟ್ಟಿ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ, "ಸರ್, ಡಿಪ್ಲೊಮಾ ಮಾಸ್ಟರ್ಸ್ ಪಕ್ಕದಾಗ ಐತಲ್ರೀ, ತಪ್ಪಿ ಬಂದದ?" ಎಲ್ಲರೂ ನಕ್ಕರು. ಅವರು "ಅದು ಹಳೇದು, ಬಿಡಿ" ಅಂತ ಮುಂದಿನ ಸ್ಲೈಡಿಗೆ ಹೋದ್ರು.

ನಾನು ಮಾತ್ರ ಬಿಡಲಿಲ್ಲ, ಯಾಕಂದ್ರೆ ನಮ್ಮ ಮನೆಯಲ್ಲಿ 'ಡಿಪ್ಲೊಮಾ' ಅನ್ನೋದು ಸಣ್ಣ ಪದ ಅಲ್ಲ. ಖಾನಾಪುರದಲ್ಲಿರುವ ನನ್ನ ದೊಡ್ಡಪ್ಪನ ಮಗ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ನಾಲ್ಕು ವರ್ಷದಿಂದ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡ್ತಾನೆ. ಮದುವೆ ಮಾತುಕತೆಗೆ ಬಂದವರು "ಹುಡುಗ ಏನು ಓದ್ಯಾನ?" ಅಂತ ಕೇಳಿದಾಗ ದೊಡ್ಡಪ್ಪ "ಎಂಜಿನಿಯರಿಂಗ್ ಲೈನ್‌ದಾಗ ಅದಾನ" ಅಂತಾರೆ. ಡಿಪ್ಲೊಮಾ ಅನ್ನೋ ಪದ ಬಾಯಿಂದ ಬರೋದಿಲ್ಲ.

ಜರ್ಮನಿಯ ಡಿಪ್ಲೋಮ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ 'ಡಿಪ್ಲೋಮ್ ಇಂಜಿನಿಯರ್' ಅಂದ್ರೆ ವಿಶ್ವವಿದ್ಯಾಲಯದಲ್ಲಿ ಹೆಚ್ಚುಕಡಿಮೆ ಐದು ವರ್ಷ ಓದಿ ಪಡೆಯುವ ಪದವಿ, ನಮ್ಮ ಲೆಕ್ಕದಲ್ಲಿ ಎಂ.ಟೆಕ್. ಸಮ. 1999ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ 29 ಯೂರೋಪಿಯನ್ ದೇಶಗಳು ಸೇರಿ, ಎಲ್ಲ ಕಡೆ ಬ್ಯಾಚುಲರ್, ಮಾಸ್ಟರ್ ಅನ್ನೋ ಒಂದೇ ತರದ ಮೆಟ್ಟಿಲು ಇರಲಿ ಅಂತ ಒಪ್ಪಂದ ಮಾಡಿಕೊಂಡ ಮೇಲೆ ಜರ್ಮನಿಯ ಬಹಳಷ್ಟು ಕಡೆ ಆ ಡಿಪ್ಲೋಮ್ ಹೋಯ್ತು. ಆದರೆ ಡ್ರೆಸ್ಡೆನ್‌ನ ಟೆಕ್ನಿಕಲ್ ಯೂನಿವರ್ಸಿಟಿ ಮೆಕ್ಯಾನಿಕಲ್‌ನಲ್ಲಿ ಹತ್ತು ಸೆಮಿಸ್ಟರ್‌ನ ಡಿಪ್ಲೋಮ್ ಅನ್ನು ಉಳಿಸಿಕೊಂಡಿದೆ. ಹಿಂದಿನ ಸಾಲಿನವನ ಪ್ರಶ್ನೆಗೆ ಉತ್ತರ ಇಷ್ಟೇ: ತಪ್ಪಿ ಬಂದಿದ್ದಲ್ಲ.

ನಮ್ಮಲ್ಲೂ ಈ ಪದಕ್ಕೆ ಒಂದೇ ಅರ್ಥ ಇಲ್ಲ ಬಿಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಒಂದು. ಕಂಪ್ಯೂಟರ್ ಸೆಂಟರ್‌ನ ಆರು ತಿಂಗಳ ಡಿಪ್ಲೊಮಾ ಇನ್ನೊಂದು. 2021-22ರಲ್ಲಿ ಕರ್ನಾಟಕದ ಡಿಗ್ರಿ ಕಾಲೇಜುಗಳಿಗೆ ಹೊಸ ಶಿಕ್ಷಣ ನೀತಿ ಬಂದಾಗ ಮೂರನೇದು ಹುಟ್ಟಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಬಂತು. ನಡುವೆ ಸಿಕ್ಕ ಮೂರು ಬ್ಯಾಚ್‌ನವರು ಮಾತ್ರ ಬೇರೆ ತರದ ಡಿಗ್ರಿಯವರು. ನನ್ನ ಪಿಯು ಕ್ಲಾಸ್‌ಮೇಟ್ ಒಬ್ಬಳು ಆ ಕೊನೇ ಬ್ಯಾಚ್‌ಗೆ ಒಂದೇ ವರ್ಷ ತಪ್ಪಿಸಿಕೊಂಡವಳು. ಅವಳಿಗೂ ಅವಳ ಸೀನಿಯರ್‌ಗೂ ಒಂದೇ ಕಾಲೇಜು, ಅದೇ ಸಬ್ಜೆಕ್ಟು, ಆದರೆ ಪದವಿಯ ಆಕಾರವೇ ಬೇರೆ.

ನಾವು ಪದವಿಯ ವಿಧಗಳ ಬಗ್ಗೆ ಮಾತಾಡುವಾಗ ಎರಡೇ ವಿಷಯ ನೋಡ್ತೀವಿ: ಹೆಸರು ಏನು, ಎಷ್ಟು ವರ್ಷ. ಬಿ.ಇ.ನೋ ಬಿ.ಟೆಕ್.ಓ ಅಂತ ಸಿಇಟಿ ಕೌನ್ಸೆಲಿಂಗ್ ಹೊತ್ತಿನಲ್ಲಿ ಅಪ್ಪ ಅಮ್ಮಂದಿರು ಎಷ್ಟು ತಲೆ ಕೆಡಿಸಿಕೊಳ್ತಾರೆ! ಎರಡೂ ನಾಲ್ಕು ವರ್ಷ, ಕ್ಲಾಸು, ಲ್ಯಾಬು, ಇಂಟರ್ನಲ್ಸು, ಎಕ್ಸಾಮು. ನಿಜವಾಗಿ ಬೇರೆ ಬೇರೆ ತರದ ಪದವಿ ಅಂದ್ರೆ ಕಲಿಯುವ ಜಾಗ ಬೇರೆ ಆಗಬೇಕು. ಜರ್ಮನಿಯ ಪಟ್ಟಿಯನ್ನು ಓದ್ತಾ ನನಗೆ ಅನ್ನಿಸಿದ್ದು ಇದು. ನಾವು ಅದನ್ನ ವೀಸಾ ಕಣ್ಣಿಂದ ಮಾತ್ರ ಓದ್ತೀವಿ, ಬೆಳಗಾವಿ ಕಣ್ಣಿಂದ ಓದೋದಿಲ್ಲ.

ಅಲ್ಲಿ ಎಂಜಿನಿಯರಿಂಗ್ ಕಲಿಸುವ ಸಂಸ್ಥೆಗಳು ಮುಖ್ಯವಾಗಿ ಎರಡು ತರ. ಒಂದು ಯೂನಿವರ್ಸಿಟಿ, ಇದು ಸಂಶೋಧನೆ ಕಡೆ ವಾಲುವಂಥದ್ದು. ಇನ್ನೊಂದು ಫಾಖ್‌ಹೋಖ್‌ಶೂಲೆ, 1970ರ ಆಸುಪಾಸಿನಲ್ಲಿ ಹಳೇ ಎಂಜಿನಿಯರಿಂಗ್ ಶಾಲೆಗಳನ್ನು ಮೇಲಕ್ಕೆತ್ತಿ ಮಾಡಿದ್ದು. ಈಗ ಇಂಗ್ಲಿಷ್‌ನಲ್ಲಿ 'ಯೂನಿವರ್ಸಿಟಿ ಆಫ್ ಅಪ್ಲೈಡ್ ಸೈನ್ಸಸ್' ಅಂತ ಬರ್ಕೊಳ್ತಾರೆ. ನಮ್ಮ ಕನ್ಸಲ್ಟೆಂಟ್ ಪ್ರಕಾರ ಅದು "ಸೆಕೆಂಡ್ ಆಪ್ಶನ್". ಆದರೆ ಅಲ್ಲಿ ಪ್ರೊಫೆಸರ್ ಆಗೋಕೆ ಸಾಮಾನ್ಯವಾಗಿ ಪಿಎಚ್.ಡಿ. ಮಾತ್ರ ಸಾಲದು. ಕನಿಷ್ಠ ಐದು ವರ್ಷ ವೃತ್ತಿಯ ಅನುಭವ ಬೇಕು, ಅದರಲ್ಲಿ ಮೂರು ವರ್ಷ ಯೂನಿವರ್ಸಿಟಿಯ ಹೊರಗೆ ಮಾಡಿರಬೇಕು. ಯೋಚನೆ ಮಾಡಿ, ಕಾಸ್ಟಿಂಗ್ ಕಲಿಸೋ ಸರ್ ಮೂರು ವರ್ಷ ಫೌಂಡ್ರಿಯಲ್ಲಿ ಬೆವರು ಸುರಿಸಿ ಬಂದಿದ್ರೆ ಪಾಠ ಹೇಗಿರ್ತಿತ್ತು. (ನಮ್ಮ ಸರ್‌ಗಳ ಮೇಲೆ ಇದು ದೂರಲ್ಲ. ಅವರಿಂದ ಯಾರೂ ಅದನ್ನ ಕೇಳೇ ಇಲ್ಲ. 2022ರಲ್ಲಿ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಹುದ್ದೆಗೆ ದಾರಿ ಮಾಡಿತು, ಒಟ್ಟು ಹುದ್ದೆಗಳಲ್ಲಿ 10 ಪರ್ಸೆಂಟ್ ಮೀರದ ಹಾಗೆ.)

ಮೂರನೇ ತರದ್ದು ನನ್ನನ್ನ ನಿದ್ದೆಗೆಡಿಸಿದ್ದು. ಡ್ಯುಯಲ್ ಸ್ಟಡಿ. 1974ರಲ್ಲಿ ಸ್ಟುಟ್‌ಗಾರ್ಟ್ ಕಡೆ ಬಾಷ್, ಡೈಮ್ಲರ್-ಬೆಂಜ್ ಮುಂತಾದ ಕಂಪನಿಗಳು ಮುಂದೆ ನಿಂತು ಶುರು ಮಾಡಿಸಿದ ಪದ್ಧತಿ. 2009ರಲ್ಲಿ ಅದು 'ಡ್ಯುಯಲ್ ಹೋಖ್‌ಶೂಲೆ ಬಾಡೆನ್-ವ್ಯುರ್ಟೆಂಬರ್ಗ್' ಅನ್ನೋ ಪೂರ್ಣ ಪ್ರಮಾಣದ ವಿಶ್ವವಿದ್ಯಾಲಯವಾಯ್ತು. ಈಗ ಅಲ್ಲಿ 30 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಅಲ್ಲಿ ಮೂರು ತಿಂಗಳು ಕ್ಲಾಸು, ಮೂರು ತಿಂಗಳು ಕಂಪನಿ, ಹೀಗೆ ಮೂರು ವರ್ಷ. ಮೊದಲು ಕಂಪನಿ ನಿಮ್ಮನ್ನ ಆರಿಸಿ ಕರಾರು ಮಾಡ್ಕೋಬೇಕು, ಆಮೇಲೇ ಸೀಟು. ಕ್ಲಾಸಿನಲ್ಲಿರೋ ತಿಂಗಳಿಗೂ ಸಂಬಳ ಬರುತ್ತೆ. ಕೊನೆಗೆ ಸಿಗೋದು ಬ್ಯಾಚುಲರ್ ಪದವಿಯೇ, 'ಕೆಲಸಗಾರರ ಬ್ಯಾಚುಲರ್' ಅಂತ ಬೇರೆ ಹೆಸರಿಲ್ಲ. ಅದನ್ನ ಇಟ್ಟುಕೊಂಡು ಮಾಸ್ಟರ್ಸ್‌ಗೂ ಹೋಗಬಹುದು.

ಕ್ರೆಡಿಟ್ ಲೆಕ್ಕ ಕೇಳಿ, ಇದು ನನಗೆ ಬಹಳ ಚುಚ್ಚಿತು. ಯೂರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ ಅಂದ್ರೆ ವಿದ್ಯಾರ್ಥಿ ಮಾಡುವ 25ರಿಂದ 30 ಗಂಟೆ ಕೆಲಸ. ಕ್ಲಾಸಿನಲ್ಲಿ ಕೂತದ್ದು, ಲ್ಯಾಬಲ್ಲಿ ನಿಂತದ್ದು, ಮನೆಯಲ್ಲಿ ಓದಿದ್ದು ಎಲ್ಲ ಸೇರಿ. ಡ್ಯುಯಲ್‌ನವರಿಗೆ ಮೂರು ವರ್ಷಕ್ಕೆ 180ರ ಬದಲು 210 ಕ್ರೆಡಿಟ್ ಸಿಗುತ್ತೆ, ಯಾಕಂದ್ರೆ ಕಂಪನಿಯಲ್ಲಿ ಮಾಡಿದ ಕೆಲಸಕ್ಕೂ ಲೆಕ್ಕ ಇದೆ. ನಮ್ಮ ಕಡೆ ಒಟ್ಟು 160 ಕ್ರೆಡಿಟ್. ವಾರಕ್ಕೆ ಒಂದು ಗಂಟೆ ಲೆಕ್ಚರ್‌ಗೆ ಒಂದು ಕ್ರೆಡಿಟ್, ಎರಡು ಗಂಟೆ ಪ್ರಾಕ್ಟಿಕಲ್‌ಗೆ ಒಂದು ಕ್ರೆಡಿಟ್. ಅಂದ್ರೆ ಕೈಯಲ್ಲಿ ಮಾಡಿದ ಒಂದು ಗಂಟೆ, ಕೂತು ಕೇಳಿದ ಅರ್ಧ ಗಂಟೆಗೆ ಸಮ. ಯಾರೋ ಕೂತು ಹೀಗೆ ಅವಮಾನ ಮಾಡೋಣ ಅಂತ ನಿರ್ಧಾರ ಮಾಡಿರಲಿಕ್ಕಿಲ್ಲ, ಆದರೂ ಲೆಕ್ಕದ ಒಳಗೇ ಅದು ಕೂತಿದೆ.

ಈಗ ಖಾನಾಪುರ ರೋಡಿಗೆ ಬನ್ನಿ. ಅಣ್ಣ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಬರ್ತಾನೆ. ದಾರಿಯಲ್ಲಿ ಮೊದಲು ಮಚ್ಛೆ. ಆ ಕಡೆಗೇ ವಿಟಿಯು ಕ್ಯಾಂಪಸ್, 'ಜ್ಞಾನ ಸಂಗಮ'. 1998ರಲ್ಲಿ ಶುರುವಾದ, ರಾಜ್ಯದ ಬಹಳಷ್ಟು ಎಂಜಿನಿಯರಿಂಗ್ ಕಾಲೇಜುಗಳ ಸಿಲಬಸ್ ಬರೆಯೋ ಜಾಗ. ಸ್ವಲ್ಪ ಮುಂದೆ ಪೀರನವಾಡಿ, ಆಮೇಲೆ ಉದ್ಯಮಬಾಗ್. ಅಲ್ಲಿ ಫೌಂಡ್ರಿ, ಮಷೀನ್ ಶಾಪ್, ಹೈಡ್ರಾಲಿಕ್ಸ್ ಘಟಕಗಳ ಸಾಲು, ನಡುವೆಯೇ ಎಂಜಿನಿಯರಿಂಗ್ ಕಾಲೇಜುಗಳು. ಒಂದೇ ರಸ್ತೆ. ಒಂದು ಬಸ್ ಟಿಕೆಟ್ಟಿನಲ್ಲಿ ಸಿಲಬಸ್ಸು, ಕಾಲೇಜು, ಕಾರ್ಖಾನೆ ಮೂರನ್ನೂ ನೋಡಬಹುದು. ಸ್ಟುಟ್‌ಗಾರ್ಟ್‌ನವರು 1974ರಲ್ಲಿ ಇದಕ್ಕಿಂತ ಹತ್ತಿರ ಇದ್ದಿರಲಿಕ್ಕಿಲ್ಲ.

ಮೂರನೇ ಸೆಮ್‌ನಲ್ಲಿ ನಮಗೆ ಮ್ಯಾನುಫ್ಯಾಕ್ಚರಿಂಗ್ ಸಬ್ಜೆಕ್ಟ್ ಇತ್ತು. ಗ್ರೀನ್ ಸ್ಯಾಂಡ್ ಮೋಲ್ಡಿಂಗ್, ರನ್ನರ್, ರೈಸರ್, ಕಾಸ್ಟಿಂಗ್ ಡಿಫೆಕ್ಟ್ಸ್. "ಬ್ಲೋಹೋಲ್‌ಗೆ ಕಾರಣಗಳನ್ನು ಪಟ್ಟಿ ಮಾಡಿ" ಅನ್ನೋ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿದ್ದೆ: ಮರಳಿನಲ್ಲಿ ಹೆಚ್ಚು ತೇವಾಂಶ, ಗಾಳಿ ಹೊರಹೋಗಲು ದಾರಿ ಇಲ್ಲದಿರುವುದು, ಇತ್ಯಾದಿ. ಎಕ್ಸಾಮ್ ಹಿಂದಿನ ಭಾನುವಾರ ಖಾನಾಪುರಕ್ಕೆ ಹೋಗಿದ್ದಾಗ ಅಣ್ಣನ ಎದುರು ಒಪ್ಪಿಸಿದೆ. ಅವನು ನಕ್ಕ. "ಮಳಿಗಾಲದಾಗ ಬಾ, ತೋರಸ್ತೀನಿ. ಉಸುಕು ಮುಷ್ಟ್ಯಾಗ ಹಿಡದ ಹಿಂಡೂದು. ಉಂಡಿ ಮುರದ್ರ ಅಂಚು ನೆಟ್ಟಗ ಬರಬೇಕು. ಪುಡಿ ಆತಂದ್ರ ನೀರು ಕಮ್ಮಿ. ಕೈಗೆ ಅಂಟ್ಕೊಂತಂದ್ರ ಜಾಸ್ತಿ. ಅಂಥಾ ಉಸುಕಿನಾಗ ಲೋಹ ಹೊಯ್ದ್ರ ನೀರು ಉಗಿ ಆಗಿ ಒಳಗ ಗುಳ್ಳಿ ಬರತಾವ. ನಿಮ್ಮ ಪುಸ್ತಕದಾಗ ಮಳಿಗಾಲ ಐತೇನು?"

ಇರಲಿಲ್ಲ. ಬೆಳಗಾವಿಯ ಮಳೆ, ಅದರಲ್ಲೂ ಖಾನಾಪುರದ ಮಳೆ ಗೊತ್ತಿದ್ದವರಿಗೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತೆ. ಆದರೆ ಕಥೆ ಒಂದೇ ಕಡೆ ಇಲ್ಲ. ಅದೇ ಸಂಜೆ ನಾನು ಅವನಿಗೆ ರೈಸರ್ ಗಾತ್ರದ ಲೆಕ್ಕ ತೋರಿಸಿದೆ. ಎರಕದ ವಾಲ್ಯೂಮ್‌ಗೂ ಹೊರಮೈ ವಿಸ್ತೀರ್ಣಕ್ಕೂ ಇರೋ ಅನುಪಾತದಿಂದ ಅದು ಗಟ್ಟಿಯಾಗೋ ಸಮಯ ಹೇಗೆ ಬರುತ್ತೆ ಅಂತ. ಅವನು ಪೆನ್ನು ಕಸ್ಕೊಂಡು ತಮ್ಮ ಕಂಪನಿಯ ಒಂದು ಹೌಸಿಂಗ್ ಪಾರ್ಟ್‌ನ ಅಳತೆ ಹಾಕಿ ನೋಡಿದ. ಆ ಪಾರ್ಟ್‌ನಲ್ಲಿ ಯಾವಾಗಲೂ ಒಂದೇ ಮೂಲೆಯಲ್ಲಿ ಕುಗ್ಗಿ ರಿಜೆಕ್ಟ್ ಆಗ್ತಿತ್ತಂತೆ. "ಅಲಾ, ಇದು ಇಷ್ಟೇ ಏನು? ನಮಗ ಯಾರೂ ಹೇಳಲಿಲ್ಲಲೇ" ಅಂದ. ಅವನಿಗೆ ಬೇಕಾದ್ದು ನನ್ನ ನೋಟ್‌ಬುಕ್‌ನಲ್ಲಿತ್ತು, ನನಗೆ ಬೇಕಾದ್ದು ಅವನ ಮುಷ್ಟಿಯಲ್ಲಿತ್ತು.

ಅವನಿಗೆ ಬಿ.ಇ. ಮಾಡೋ ಆಸೆ ಇದೆ. ದಾರಿಯೂ ಇದೆ: ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ಕ್ಲಾಸಿನಲ್ಲೂ ಹಾಗೆ ಬಂದವರಿದ್ದಾರೆ. ಲೇಥ್ ಮುಂದೆ ಅವರೇ ಗುರುಗಳು, ಗಣಿತದ ಮುಂದೆ ಒದ್ದಾಡ್ತಾರೆ. ಆದರೆ ಸೇರಬೇಕಂದ್ರೆ ಅಣ್ಣ ಮೂರು ವರ್ಷ ಸಂಬಳ ಬಿಡಬೇಕು, ಮೇಲೆ ಫೀಸು ಕಟ್ಟಬೇಕು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ತಂಗಿ ಇನ್ನೂ ಪಿಯು. 2023ರಲ್ಲಿ ಎಐಸಿಟಿಇ ಕೆಲಸ ಮಾಡುವವರಿಗೆ ಅನುಕೂಲದ ಹೊತ್ತಿನಲ್ಲಿ ಕ್ಲಾಸ್ ನಡೆಸಲು ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ ಅಂತ ಓದಿ ನಾನು ಖುಷಿಯಿಂದ ಹೇಳಿದೆ. ಅವನ ಉತ್ತರ: "ತಮ್ಮಾ, ನಮ್ಮ ಶಿಫ್ಟ್ ವಾರಕ್ಕೊಮ್ಮೆ ಬದಲಾಗತೈತಿ. ಸಂಜಿ ಕ್ಲಾಸ್ ಅಂದ್ರ ಯಾವ ಸಂಜಿ?"

ಇಲ್ಲೇ ನನಗೆ ಡ್ಯುಯಲ್ ಪದ್ಧತಿಯ ಬುದ್ಧಿವಂತಿಕೆ ಅರ್ಥ ಆದದ್ದು. ಸಂಜೆ ಕ್ಲಾಸು ಅಂದ್ರೆ ದಣಿದ ದೇಹದ ಮೇಲೆ ಇನ್ನೊಂದು ಶಿಫ್ಟ್. ಮೂರು ತಿಂಗಳ ಕಂತು ಅಂದ್ರೆ ಕಂಪನಿಗೂ ಮುಂಚೆಯೇ ಗೊತ್ತು: ಇವನು ಜನವರಿಯಿಂದ ಮಾರ್ಚ್ ಇರಲ್ಲ, ಏಪ್ರಿಲ್‌ಗೆ ಬರ್ತಾನೆ, ಆಗ ಅದೇ ಕಂತಿನ ಇನ್ನೊಬ್ಬ ಕಾಲೇಜಿಗೆ ಹೋಗ್ತಾನೆ. ಇಬ್ಬರು ಸೇರಿ ಒಂದು ಜಾಗ ತುಂಬ್ತಾರೆ. ನಮ್ಮಲ್ಲೂ ಇಂಟರ್ನ್‌ಶಿಪ್ ಇದೆಯಲ್ಲ ಅನ್ನಬಹುದು. ಇದೆ, ಕೊನೇ ವರ್ಷದಲ್ಲಿ ಒಂದು ಸೆಮಿಸ್ಟರ್. ಆದರೆ ಊಟ ಎಲ್ಲ ಮುಗಿದ ಮೇಲೆ ಉಪ್ಪು ಬಡಿಸಿದ ಹಾಗೆ. ಆರು ಸೆಮಿಸ್ಟರ್ ಓದಿ, ಆಮೇಲೆ ಶಾಪ್ ಫ್ಲೋರ್ ನೋಡಿ, ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಹಿಡ್ಕೊಂಡು ಯಾವ ಕ್ಲಾಸಿಗೆ ವಾಪಸ್ ಬರೋದು?

ಖಾನಾಪುರದ ವಿಷಯಕ್ಕೆ ಬಂದ್ರೆ ಇನ್ನೂ ಹೊಟ್ಟೆ ಉರಿಯುತ್ತೆ. ಅಲ್ಲಿನ ಮಣ್ಣು ಹೆಂಚಿಗೆ, ಇಟ್ಟಿಗೆಗೆ, ಮಡಕೆಗೆ ಹೆಸರಾದದ್ದು. ಆ ಮಣ್ಣಿನ ಕಾರಣಕ್ಕೇ 1950ರ ದಶಕದಲ್ಲಿ ಅಲ್ಲಿ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಬಂತು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೆಳಗೆ. ಕುಂಬಾರಿಕೆ ತರಬೇತಿ ಕೊಡೋ ದೇಶದ ಹೆಸರುವಾಸಿ ಜಾಗಗಳಲ್ಲಿ ಒಂದು. ಮಣ್ಣು ಹದ ಮಾಡೋದು, ತಿಗರಿ, ಅಚ್ಚು, ಗ್ಲೇಜ್, ಗೂಡು ಸುಡೋದು ಎಲ್ಲ ಕಲಿಯಬಹುದು. ಸರ್ಟಿಫಿಕೇಟ್ ಸಿಗುತ್ತೆ. ಆಮೇಲೆ? ಆ ಸರ್ಟಿಫಿಕೇಟ್ ಹಿಡ್ಕೊಂಡು ಡಿಪ್ಲೊಮಾಗಾಗಲಿ ಬಿ.ಇ.ಗಾಗಲಿ ಹತ್ತೋ ಮೆಟ್ಟಿಲಿಲ್ಲ. ಸೆರಾಮಿಕ್ಸ್‌ನಲ್ಲಿ ಬಿ.ಇ. ಬೇಕಂದ್ರೆ ರಾಜ್ಯದ ಇನ್ನೊಂದು ಮೂಲೆಯ ಕಲಬುರಗಿಯ ಪಿಡಿಎ ಕಾಲೇಜಿನ ಸೆರಾಮಿಕ್ಸ್ ಮತ್ತು ಸಿಮೆಂಟ್ ಟೆಕ್ನಾಲಜಿ ವಿಭಾಗದ ಹೆಸರು ಹೇಳ್ಬೇಕು, ಅದೂ ಪಿಯು ಸೈನ್ಸ್, ಸಿಇಟಿ ದಾರಿಯಲ್ಲಿ ಬಂದವರಿಗೆ.

ಜರ್ಮನಿಯಲ್ಲಿ ಕೊಬ್ಲೆಂಜ್ ಹತ್ತಿರ ಹ್ಯೋರ್-ಗ್ರೆನ್ಸ್‌ಹೌಸನ್ ಅಂತ ಒಂದು ಊರಿದೆ, ಖಾನಾಪುರ ಪಟ್ಟಣಕ್ಕಿಂತ ಚಿಕ್ಕದು. ಅಲ್ಲೂ ಒಳ್ಳೆ ಜೇಡಿಮಣ್ಣು. ಬೂದು ಬಣ್ಣದ ಮೇಲೆ ನೀಲಿ ಚಿತ್ತಾರದ ಹೂಜಿಗಳಿಗೆ ಶತಮಾನಗಳಿಂದ ಪ್ರಸಿದ್ಧಿ. ಆ ಸೀಮೆಯ ಹೆಸರೇ 'ಹೂಜಿ ಸುಡುವವರ ನಾಡು' ಅಂತ. ಅಲ್ಲಿ ಕುಂಬಾರಿಕೆ ಕಲಿಸೋ ವೃತ್ತಿ ಶಾಲೆ ಇದೆ, ಅದೇ ಊರಿನಲ್ಲಿ ಕೊಬ್ಲೆಂಜ್‌ನ ಅಪ್ಲೈಡ್ ಸೈನ್ಸಸ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಇದೆ. ಗಾಜು ಮತ್ತು ಸೆರಾಮಿಕ್ ಎಂಜಿನಿಯರಿಂಗ್‌ನಲ್ಲಿ ಪದವಿ, ಪಕ್ಕದಲ್ಲೇ ಸೆರಾಮಿಕ್ ಕಲೆಯಲ್ಲಿ ಪದವಿ. ಮಣ್ಣು ಎಲ್ಲಿದೆಯೋ ಅಲ್ಲಿಗೆ ಡಿಗ್ರಿ ನಡ್ಕೊಂಡು ಬಂದಿದೆ. ನಮ್ಮಲ್ಲಿ ಮಣ್ಣು ಇರೋ ಊರಿನ ಹುಡುಗ ಡಿಗ್ರಿ ಇರೋ ಊರಿಗೆ ಬಸ್ ಹತ್ತಿ ಕಂಪ್ಯೂಟರ್ ಸೈನ್ಸ್ ಸೇರ್ತಾನೆ.

ಇದನ್ನೆಲ್ಲ ಹಾಸ್ಟೆಲ್‌ನಲ್ಲಿ ಹೇಳಿದಾಗ ಎರಡು ಆಕ್ಷೇಪ ಬಂದವು. ಒಂದು: "ಕಂಪನಿಯವರು ಅಗ್ಗದ ಲೇಬರ್ ಅಂತ ದುಡಿಸ್ಕೊಳ್ತಾರೆ, ಕಲಿಸೋದೇನೂ ಇಲ್ಲ." ಇದು ಸುಳ್ಳಲ್ಲ. ಅಪ್ರೆಂಟಿಸ್‌ಗೆ ಇಡೀ ವರ್ಷ ಪಾರ್ಟ್ ಎಣಿಸೋಕೆ ಹಚ್ಚಿದ ಕಥೆ ಎಲ್ಲರ ಮನೆಯಲ್ಲೂ ಇರುತ್ತೆ. ಅದಕ್ಕೇ ಕಂಪನಿಯಲ್ಲಿ ಏನು ಕಲಿಯಬೇಕು ಅನ್ನೋದೂ ಸಿಲಬಸ್‌ನಲ್ಲಿರಬೇಕು, ಅದಕ್ಕೆ ಪರೀಕ್ಷೆ ಇರಬೇಕು, ಕಲಿಸದ ಕಂಪನಿಯನ್ನು ಪಟ್ಟಿಯಿಂದ ತೆಗೆಯೋ ಅಧಿಕಾರ ವಿಶ್ವವಿದ್ಯಾಲಯಕ್ಕಿರಬೇಕು. ಯುಜಿಸಿ ಅಪ್ರೆಂಟಿಸ್‌ಶಿಪ್ ಸೇರಿದ ಡಿಗ್ರಿಗಳಿಗೆ ಮಾರ್ಗಸೂಚಿ ಮಾಡಿಯಾಗಿದೆ, ಹೊಸದಾಗಿ ಕನಸು ಕಾಣೋದೇನಿಲ್ಲ.

ಎರಡನೇ ಆಕ್ಷೇಪ ಹೇಳಿದವನು ನನ್ನ ರೂಮ್‌ಮೇಟ್. ಅದು ನನ್ನನ್ನ ಸುಮ್ಮನಾಗಿಸಿತು. "ಈ ಡ್ಯುಯಲ್‌ಗೆ ಯಾರು ಹೋಗ್ತಾರೆ ಹೇಳು? ನಿನ್ನ ಅಣ್ಣನಂಥವರು. ಡಾಕ್ಟರ್ ಮಗ ಹೋಗ್ತಾನಾ? ಬಡವರಿಗೊಂದು ಡಿಗ್ರಿ, ಉಳಿದವರಿಗೊಂದು ಡಿಗ್ರಿ ಆಗುತ್ತೆ ಅಷ್ಟೇ." ಜರ್ಮನಿಯಲ್ಲೂ ಬಹಳ ಕಡೆ ನಾಲ್ಕನೇ ಕ್ಲಾಸ್ ಮುಗಿಯುವಾಗಲೇ, ಅಂದ್ರೆ ಹತ್ತು ವರ್ಷಕ್ಕೇ, ಮಕ್ಕಳನ್ನು ಬೇರೆ ಬೇರೆ ತರದ ಶಾಲೆಗೆ ಹಂಚ್ತಾರೆ. ಅದು ನಮಗೆ ಬೇಡವೇ ಬೇಡ, ನಮ್ಮಲ್ಲಿ ಹುಟ್ಟಿನಿಂದ ಹಂಚೋ ಕಾಯಿಲೆ ಮೊದಲೇ ಇದೆ. ಎರಡು ದಿನ ಯೋಚನೆ ಮಾಡಿ ನಾನು ಅವನಿಗೆ ಕೊಟ್ಟ ಉತ್ತರ: ಬೇರೆ ಡಿಗ್ರಿ ಬೇಡ, ಅದೇ ಬಿ.ಇ. ಇರಲಿ. ಅದೇ ಸರ್ಟಿಫಿಕೇಟ್, ಅದೇ ಕಾಲೇಜು, ಅದೇ ಕಾನ್ವೊಕೇಶನ್. ಒಂದೇ ಕ್ಲಾಸಿನಲ್ಲಿ ಅರ್ಧ ಜನ ಕಂಪನಿಯಿಂದ ಬಂದವರು, ಅರ್ಧ ನನ್ನಂಥ ಸಿಇಟಿಯವರು, ಇಬ್ಬರಿಗೂ ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಉದ್ಯಮಬಾಗ್‌ನಲ್ಲಿ ಒಂದು ಕಾಲೇಜು, ಮೆಕ್ಯಾನಿಕಲ್ ಒಂದೇ ಬ್ರ್ಯಾಂಚು, ಒಂದು ಬ್ಯಾಚ್. ಇಷ್ಟರಿಂದ ಶುರು ಮಾಡೋಕೆ ವಿಟಿಯು ಏಳು ಕಡಲು ದಾಟಬೇಕಿಲ್ಲ, ಖಾನಾಪುರ ರೋಡ್ ಹಿಡಿದ್ರೆ ಸಾಕು. ರೂಮ್‌ಮೇಟ್ ಪೂರ್ತಿ ಒಪ್ಪಿಲ್ಲ. "ಮೊದಲ ಬ್ಯಾಚ್‌ಗೆ ನೀನೇ ಸೇರ್ತಿದ್ಯಾ?" ಅಂತ ಕೇಳಿದ. ಸೇರ್ತಿದ್ದೆ ಅಂದೆ. ಪ್ಲೇಸ್‌ಮೆಂಟ್ ಸೀಸನ್ ನೋಡಿದ ಮೇಲೂ ಇದೇ ಹೇಳ್ತೀನಾ ಅಂತ ನನಗೇ ಒಂದು ಸಣ್ಣ ಅನುಮಾನ ಇದೆ, ಅದನ್ನ ಮುಚ್ಚಿಡೋದಿಲ್ಲ.

ಈ ಲೇಖನ ಕ್ಲಬ್ಬಿಗೆ ಕೊಡೋ ಮುಂಚೆ ಅಣ್ಣನಿಗೆ ಓದಿ ಹೇಳಿದೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಹೂಜಿ ಸುಡೋ ಊರಿನ ಬಗ್ಗೆ ಬಂದಾಗ ತಲೆ ಎತ್ತಿ ಕೇಳಿದ. ಕೊನೆಗೆ ಒಂದೇ ಪ್ರಶ್ನೆ: "ಮೂರು ತಿಂಗಳು ಕಾಲೇಜಿಗೆ ಹೋಗಿ ಬಂದ್ರ, ನನ್ನ ಜಾಗಾ ಅಲ್ಲೇ ಇರತೈತಂತ ಬರದ ಕೊಡತಾರೇನು ಅಲ್ಲಿ?" ಕೊಡ್ತಾರೆ ಅಂದೆ, ಮೂರು ವರ್ಷಕ್ಕೆ ಕರಾರು ಇರುತ್ತೆ. ಅವನು ರೊಟ್ಟಿ ಮುರಿದು, "ಹಂಗಾರ ಅದನ್ನ ಮೊದಲ ಬರಿ" ಅಂದ.